ಪ್ರತಿಕ್ರಿಯೆ: ನಿಕಾನ್ ಡಿ5600 ಕ್ಯಾಮೆರಾಗೆ ಹಳೆಯ 28-105 ಝೂಮ್ ಲೆನ್ಸ್ ಆಗುತ್ತದೆಯೇ?

ಕೂರುತ್ತದೆ, ಆದರೆ ದುಡ್ಡು ಕೊಡುವ ಮುಂಚೆ ಒಂದು ಮಾತು. ನಿಮಗೆ ಅಗ್ಗಕ್ಕೆ ಸಿಗುತ್ತಿರುವ ನಿಕಾನ್ 28-105 ಎಎಫ್-ಡಿ ಲೆನ್ಸ್‌ನೊಳಗೆ ಫೋಕಸ್ ಮೋಟರ್ ಇಲ್ಲ, ನಿಮ್ಮ ಡಿ5600 ಬಾಡಿಯಲ್ಲೂ ಇಲ್ಲ. ಅಂದರೆ ಆಟೋಫೋಕಸ್ ಮರೆತುಬಿಡಿ. ಮೀಟರಿಂಗ್ (ಬೆಳಕು ಅಳೆಯುವುದು) ಕೆಲಸ ಮಾಡುತ್ತದೆ. ಕೈಯಲ್ಲಿ ರಿಂಗ್ ತಿರುಗಿಸುತ್ತಾ ವ್ಯೂಫೈಂಡರ್‌ನ ಮೂಲೆಯಲ್ಲಿ ಫೋಕಸ್ ಸೂಚಿಸುವ ಚುಕ್ಕೆ ಸ್ಥಿರವಾಗಿ ನಿಂತಾಗ ಕ್ಲಿಕ್ಕಿಸಬೇಕು. ಓಡಾಡುವ ಮಗುವಿನ ಫೋಟೊಗೆ ಇದು ತಲೆನೋವೇ. ಒಳಗೇ ಮೋಟರ್ ಇರುವ ಡಿ7000 ಸರಣಿಯ ಬಾಡಿ ಇದ್ದಿದ್ದರೆ ಕಣ್ಣುಮುಚ್ಚಿ ತಗೊಳ್ಳಿ ಅನ್ನುತ್ತಿದ್ದೆ.

ಲೆನ್ಸ್ ಮೇಲಿನ ಅಪರ್ಚರ್ ರಿಂಗನ್ನು (ಬೆಳಕು ಬರುವ ಕಿಂಡಿಯ ಗಾತ್ರ ಬದಲಿಸುವ ರಿಂಗ್) 22ಕ್ಕೆ ತಿರುಗಿಸಿ ಲಾಕ್ ಮಾಡಿ. ಇಲ್ಲದಿದ್ದರೆ ಕ್ಯಾಮೆರಾ ಎರರ್ ತೋರಿಸುತ್ತದೆ, ಲೆನ್ಸ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ (ನಾನು ಆಗಿದ್ದೆ!).

ನಿಮ್ಮ ಕ್ಯಾಮೆರಾದ ಸೆನ್ಸರ್ ಫಿಲ್ಮ್‌ಗಿಂತ ಚಿಕ್ಕದು, ಹಾಗಾಗಿ ಅದರ ಮೇಲೆ ಇದು ಸುಮಾರು 42-157 ಮಿ.ಮೀ. ಲೆನ್ಸ್‌ನಷ್ಟು ಹತ್ತಿರ ಎಳೆದಂತೆ ಕಾಣುತ್ತದೆ. ಸಣ್ಣ ಅಡುಗೆಮನೆಯೊಳಗೆ ಇಕ್ಕಟ್ಟು. ಸಂತೆ, ಜಾತ್ರೆಯ ಮುಖಗಳಿಗೆ ಸೊಗಸು. ನನಗೆ ಇಷ್ಟವಾಗಿದ್ದು ಮ್ಯಾಕ್ರೊ (ತೀರಾ ಹತ್ತಿರದ ಫೋಟೊ) ಸ್ವಿಚ್: ಝೂಮ್ 50ರಿಂದ 105ರೊಳಗೆ ಇದ್ದಾಗ, ವಸ್ತು ಸೆನ್ಸರ್ ಮೇಲೆ ನಿಜ ಗಾತ್ರದ ಅರ್ಧದಷ್ಟು ಮೂಡುವವರೆಗೆ ಹತ್ತಿರ ಹೋಗಬಹುದು. ದಾಸವಾಳದ ಕೇಸರ ಚೆನ್ನಾಗಿ ಬರುತ್ತದೆ.

ಮಲೆನಾಡು, ಕರಾವಳಿ ಕಡೆಯ ಲೆನ್ಸ್ ಆದರೆ ಟಾರ್ಚ್ ಬೆಳಕು ಹಾಯಿಸಿ ಒಳಗೆ ಜೇಡರ ಬಲೆಯಂಥ ಫಂಗಸ್ (ಬೂಷ್ಟು) ಇದೆಯೇ ನೋಡಿ. ಇದ್ದರೆ ಎಷ್ಟೇ ಅಗ್ಗವಾದರೂ ಬೇಡ.