ಆಗಾಗ ಬರುವ ‘ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್’: ಮುಚ್ಚಿದವರು ಯಾರು?

ಸರ್ವರ್ ಕುರಿತು ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: ‘ಆಗಾಗ ಬರುತ್ತದೆ, ರೀಸ್ಟಾರ್ಟ್ ಮಾಡಿದರೆ ಹೋಗುತ್ತದೆ.’ ಫೈಲ್ ಡಿಸ್ಕ್ರಿಪ್ಟರ್ ದೋಷಗಳ ಬಗ್ಗೆ ಹಿಂದೆಯೂ ಬರೆದಿದ್ದೇನೆ. ಮತ್ತೆ ಬರೆಯಲು ಕಾರಣ ಕೆಳಗಿನ ಮೊದಲ ಪತ್ರ. ಕಷ್ಟಪಟ್ಟು ಕೆಲಸ ಮಾಡುವ ಹುಡುಗನೊಬ್ಬನನ್ನು ಮೂರು ತಿಂಗಳು ತಪ್ಪು ಜಾಗದಲ್ಲಿ ಹುಡುಕಲು ಹಚ್ಚಿದ ಸಲಹೆಗಾರರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂದಿದೆ. ಡಿಸ್ಕ್ರಿಪ್ಟರ್ ಎಂದರೆ ತೆರೆದ ಕಡತಕ್ಕೋ ಸಂಪರ್ಕಕ್ಕೋ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕೊಡುವ ಸಂಖ್ಯೆ; ಥ್ರೆಡ್ ಎಂದರೆ ಒಂದು ಪ್ರೊಸೆಸ್ಸಿನೊಳಗೆ, ಅಂದರೆ ಓಡುತ್ತಿರುವ ಪ್ರೋಗ್ರಾಂನೊಳಗೆ, ಜೊತೆಜೊತೆಗೆ ನಡೆಯುವ ಕೆಲಸದ ಎಳೆ. ಇದಕ್ಕಿಂತ ಹೆಚ್ಚು ಇಲ್ಲಿ ಹೇಳಿಕೊಡುವುದಿಲ್ಲ. ಸರ್ವರ್ ನಡೆಸುವವರಿಗೆ ಉಳಿದದ್ದು ತಿಳಿದಿರಲೇಬೇಕು.

ಪ್ರಶ್ನೆ: ಮೇಡಂ, ಮಂಡ್ಯದ ಬೆಲ್ಲದ ವ್ಯಾಪಾರಿಗಳಿಗಾಗಿ ಒಂದು ವೆಬ್ ಅಪ್ಲಿಕೇಷನ್ ಮಾಡಿಕೊಟ್ಟಿದ್ದೇನೆ. ಪೈಥಾನ್‌ನಲ್ಲಿದೆ, ನಾಲ್ಕು ವರ್ಕರ್ (ಬೇರೆ ಬೇರೆ ಪ್ರೊಸೆಸ್), ಒಂದೊಂದರಲ್ಲಿ ಎಂಟು ಥ್ರೆಡ್. ದಿನದ ದರ ತೋರಿಸುತ್ತದೆ, ಬಿಲ್ಲನ್ನು ಪಿಡಿಎಫ್ ಮಾಡಿ ಕೊಡುತ್ತದೆ. ಎರಡು ಮೂರು ದಿನಕ್ಕೊಮ್ಮೆ, ಹೆಚ್ಚಾಗಿ ಬೆಳಿಗ್ಗೆ ವ್ಯಾಪಾರ ಜೋರಾಗಿರುವಾಗ, ‘ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್’ ಎಂದು ಬರುತ್ತದೆ. ಒಮ್ಮೆ ಡೇಟಾಬೇಸ್ ಓದುವಾಗ, ಒಮ್ಮೆ ಎಸ್‌ಎಂಎಸ್ ಕಳಿಸುವಾಗ, ಇನ್ನೊಮ್ಮೆ ಲಾಗ್ ಬರೆಯುವಾಗ. ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಸಲವೂ ಬಂದಿಲ್ಲ. ತಿಳಿದವರ ಮಾತು ಕೇಳಿ ಒಂದು ಪ್ರೊಸೆಸ್ ತೆರೆದಿಡಬಹುದಾದ ಡಿಸ್ಕ್ರಿಪ್ಟರುಗಳ ಮಿತಿಯನ್ನು 1024ರಿಂದ 65535ಕ್ಕೆ ಏರಿಸಿದೆ, ಡೇಟಾಬೇಸ್ ಲೈಬ್ರರಿ ಬದಲಿಸಿದೆ, ಕೊನೆಗೆ ಸರ್ವರನ್ನೇ ಬೇರೆ ಕಂಪನಿಗೆ ಸಾಗಿಸಿದೆ. ಮೂರು ತಿಂಗಳಾಯಿತು. ಕೋಡ್ ಲಗತ್ತಿಸಿದ್ದೇನೆ. ದಾರಿ ತೋರಿಸಿ.
– ಹೆಸರು ಬೇಡ, ಮಂಡ್ಯ

ಉತ್ತರ: ಮಿತಿಯ ಮಾತನ್ನು ಮೊದಲು ಮುಗಿಸುತ್ತೇನೆ. ಮಿತಿ ಮೀರಿದಾಗ ಲಿನಕ್ಸ್ ಕೊಡುವುದು ದೋಷಸಂಖ್ಯೆ 24, ‘ಟೂ ಮೆನಿ ಓಪನ್ ಫೈಲ್ಸ್’. ನಿಮಗೆ ಬರುತ್ತಿರುವ ‘ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್’ 9, ಅಂದರೆ ಆ ಸಂಖ್ಯೆ ಈ ಕೆಲಸಕ್ಕೆ ಸಲ್ಲದು. ಎರಡಕ್ಕೂ ಸಂಬಂಧವಿಲ್ಲ. 9 ಕಂಡವರಿಗೆ ‘ಮಿತಿ ಏರಿಸು’ ಎನ್ನುವವರು ದೋಷದ ಸಾಲನ್ನು ಓದಿಯೇ ಇಲ್ಲ. ಓದಲು ಮಾತ್ರ ತೆರೆದ ಕಡತಕ್ಕೆ ಬರೆಯಲು ಹೋದರೂ 9 ಬರುತ್ತದೆ, ನಿಜ. ಆದರೆ ಆ ತಪ್ಪು ಪ್ರತಿ ಸಲವೂ ಬರುತ್ತದೆ, ಲ್ಯಾಪ್‌ಟಾಪ್‌ನಲ್ಲೂ ಬರುತ್ತದೆ. ನಿಮ್ಮದು ಅದಲ್ಲ.

ದೋಷ ಮೂರು ಕಡೆ ಕಾಣಿಸಿಕೊಂಡಿತು ಎಂದಿದ್ದೀರಲ್ಲ, ಪತ್ರದಲ್ಲಿ ಅತ್ಯಂತ ಬೆಲೆಯುಳ್ಳ ಮಾತು ಅದೇ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಲೈಬ್ರರಿಗಳು ಒಂದೇ ವಾರದಲ್ಲಿ ಒಂದೇ ರೀತಿ ಕೆಡುವುದಿಲ್ಲ. ಡೇಟಾಬೇಸ್, ಎಸ್‌ಎಂಎಸ್, ಲಾಗ್ ಮೂರೂ ಕಳೆದುಕೊಂಡವರು. ಕದ್ದವನು ಬೇರೆ ಇದ್ದಾನೆ. ನೀವು ಮೂರು ತಿಂಗಳು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕೆಲಸ. ನಿಮ್ಮನ್ನು ದೂರುತ್ತಿಲ್ಲ, ಬರೆಯ ಕಬ್ಬಿಣವನ್ನು ನಿಮ್ಮ ಕೈಗೆ ಕೊಟ್ಟವರನ್ನು ದೂರುತ್ತಿದ್ದೇನೆ.

ಚಾಮುಂಡಿ ಬೆಟ್ಟಕ್ಕೆ ಹೋದಾಗ ಚಪ್ಪಲಿ ಬಿಟ್ಟು ಟೋಕನ್ ಪಡೆಯುವುದನ್ನು ನೆನಪಿಸಿಕೊಳ್ಳಿ. ಖಾಲಿ ಇರುವ ಟೋಕನ್‌ಗಳಲ್ಲಿ ಅತಿ ಚಿಕ್ಕ ಸಂಖ್ಯೆಯದನ್ನೇ ಮುಂದಿನವರಿಗೆ ಕೊಡುವುದು ಅಲ್ಲಿನ ನಿಯಮ ಎಂದುಕೊಳ್ಳಿ. ನೀವು 17ನ್ನು ಹಿಂದಿರುಗಿಸಿ ಚಪ್ಪಲಿ ಪಡೆದ ಕ್ಷಣವೇ 17 ಬೇರೊಬ್ಬರ ಕೈ ಸೇರಬಹುದು. ಆಮೇಲೆ ನೀವು ಮತ್ತೆ ಹೋಗಿ ‘17ರದ್ದು ಕೊಡಿ’ ಎಂದರೆ ಏನಾಗುತ್ತದೆ? ಬೆಟ್ಟದಲ್ಲಿ ಮುಖ ನೋಡುವ ಮನುಷ್ಯನಿದ್ದಾನೆ. ಕರ್ನಲ್ ಮುಖ ನೋಡುವುದಿಲ್ಲ, ಸಂಖ್ಯೆ ನೋಡುತ್ತದೆ. ಒಂದು ಪ್ರೊಸೆಸ್‌ನ ಎಲ್ಲ ಥ್ರೆಡ್‌ಗಳಿಗೂ ಸಂಖ್ಯೆಗಳ ಪಟ್ಟಿ ಒಂದೇ. ಅತಿ ಚಿಕ್ಕ ಖಾಲಿ ಸಂಖ್ಯೆಯನ್ನೇ ಕೊಡಬೇಕೆಂಬುದು ಯುನಿಕ್ಸ್ ಬಗೆಯ ವ್ಯವಸ್ಥೆಗಳ ಪಾಸಿಕ್ಸ್ ಮಾನದಂಡದ ಕಟ್ಟಳೆ. ಆದ್ದರಿಂದಲೇ ಬಿಟ್ಟ ಸಂಖ್ಯೆ ಇಷ್ಟು ಬೇಗ ಇನ್ನೊಬ್ಬರ ಪಾಲಾಗುತ್ತದೆ.

ಈಗ ನಿಮ್ಮ ಕೋಡ್. ದರದ ಭಾಗ, ಡೇಟಾಬೇಸಿನ ಭಾಗ ಅಚ್ಚುಕಟ್ಟಾಗಿವೆ. ಪಿಡಿಎಫ್ ಭಾಗಕ್ಕೆ ಬನ್ನಿ. ‘ಎಂಕೆಎಸ್‌ಟೆಂಪ್’ನಿಂದ ತಾತ್ಕಾಲಿಕ ಕಡತ ತೆರೆದಿದ್ದೀರಿ. ಅದು ಕೊಟ್ಟ ಸಂಖ್ಯೆಯನ್ನು (17 ಎನ್ನೋಣ) ‘ಎಫ್‌ಡಿಓಪನ್’ಗೆ ಒಪ್ಪಿಸಿ ಕಡತದ ವಸ್ತುವೊಂದನ್ನು ಪಡೆದಿದ್ದೀರಿ. ಆ ಗಳಿಗೆಯಿಂದ ಸಂಖ್ಯೆಯ ಯಜಮಾನಿಕೆ ಆ ವಸ್ತುವಿನದು. ಕೆಲಸವಾದ ಮೇಲೆ ವಸ್ತುವನ್ನು ಮುಚ್ಚಿದ್ದೀರಿ, ಸರಿ. ಮರುಸಾಲಿನಲ್ಲೇ ಅದೇ ಸಂಖ್ಯೆಯನ್ನು ‘ಓಎಸ್ ಡಾಟ್ ಕ್ಲೋಸ್’ನಿಂದ ಇನ್ನೊಮ್ಮೆ ಮುಚ್ಚಿದ್ದೀರಿ. ಅದು ಎಂದೋ ಒಮ್ಮೆ ತಕರಾರು ಮಾಡಿರಬೇಕು. ಸುತ್ತ ಟ್ರೈ, ಎಕ್ಸೆಪ್ಟ್, ಪಾಸ್ ಹಾಕಿ ಬಾಯಿ ಮುಚ್ಚಿಸಿದ್ದೀರಿ. ನಿಮಗೆ ನಿಜ ಹೇಳಲು ಹೊರಟಿದ್ದ ಒಂದೇ ಒಂದು ಸಾಕ್ಷಿಯನ್ನು ಅಲ್ಲಿ ನೀವೇ ಸುಮ್ಮನಾಗಿಸಿದಿರಿ.

ಲ್ಯಾಪ್‌ಟಾಪ್‌ನಲ್ಲಿ ನೀವೊಬ್ಬರೇ ಬಿಲ್ಲು ತೆಗೆಯುತ್ತೀರಿ. ಮೊದಲ ಮುಚ್ಚುವಿಕೆಗೂ ಎರಡನೆಯದಕ್ಕೂ ನಡುವೆ 17ನ್ನು ಪಡೆಯುವವರು ಯಾರೂ ಇಲ್ಲ. ಎರಡನೆಯದಕ್ಕೆ ದೋಷ 9 ಬರುತ್ತದೆ, ಅದನ್ನು ‘ಪಾಸ್’ ನುಂಗುತ್ತದೆ, ಎಲ್ಲವೂ ಚೆನ್ನಾಗಿದ್ದಂತೆ ಕಾಣುತ್ತದೆ. ಬೆಳಗಿನ ವ್ಯಾಪಾರದಲ್ಲಿ ಎಂಟು ಥ್ರೆಡ್‌ಗಳೂ ದುಡಿಯುತ್ತಿರುತ್ತವೆ. ಆ ಎರಡು ಸಾಲುಗಳ ನಡುವಿನ ಕಿರಿದಾದ ಸಂದಿನಲ್ಲಿ ಇನ್ನೊಂದು ಥ್ರೆಡ್ ಡೇಟಾಬೇಸಿಗೆ ಸಾಕೆಟ್ (ಸಂಪರ್ಕ) ತೆರೆಯುತ್ತದೆ, ಅದಕ್ಕೆ 17 ಸಿಗುತ್ತದೆ. ನಿಮ್ಮ ಎರಡನೆಯ ಮುಚ್ಚುವಿಕೆ ಈ ಸಲ ಯಾವ ತಕರಾರೂ ಇಲ್ಲದೆ ಯಶಸ್ವಿಯಾಗುತ್ತದೆ. ಮುಚ್ಚಿದ್ದು ಡೇಟಾಬೇಸಿನ ಸಾಕೆಟ್ಟನ್ನು. ಮುಂದೆ ಡೇಟಾಬೇಸ್ ಲೈಬ್ರರಿ ಓದಲು ಹೋಗಿ 9 ಎಂದು ಕೂಗುತ್ತದೆ. ತಪ್ಪು ಮಾಡಿದ ಸಾಲು ಲಾಗ್‌ನಲ್ಲಿ ಎಲ್ಲೂ ಇರುವುದಿಲ್ಲ.

ಇಷ್ಟಾದರೆ ಪುಣ್ಯ. 9 ಬಂದ ದಿನ ನಿಮ್ಮ ಅದೃಷ್ಟ ನೆಟ್ಟಗಿತ್ತು ಎಂದೇ ತಿಳಿಯಿರಿ. ಡೇಟಾಬೇಸಿನ ಸಾಕೆಟ್ ಮುಚ್ಚಿಹೋದ ಮರುಕ್ಷಣ ಮೂರನೆಯ ಥ್ರೆಡ್‌ಗೆ, ಉದಾಹರಣೆಗೆ ಇನ್ನೊಬ್ಬ ವ್ಯಾಪಾರಿಯ ಬ್ರೌಸರಿನ ಸಂಪರ್ಕಕ್ಕೆ, 17 ಸಿಕ್ಕಿದ್ದರೆ ಯಾವ ದೋಷವೂ ಬರುವುದಿಲ್ಲ. ಡೇಟಾಬೇಸಿಗೆ ಹೋಗಬೇಕಾದ ಬೈಟುಗಳು ಆ ಬ್ರೌಸರಿಗೆ ಹೋಗುತ್ತವೆ. ಹಲವು ವರ್ಷಗಳ ಹಿಂದೆ ಮೈಸೂರಿನಲ್ಲಿ ನಾನಿದ್ದ ಒಂದು ಕಚೇರಿಯಲ್ಲಿ ಇದರ ಅಣ್ಣನಂಥದ್ದನ್ನು ಕಂಡಿದ್ದೇನೆ. ಹಿನ್ನೆಲೆಯಲ್ಲಿ ಓಡಬೇಕಾದ ಪ್ರೋಗ್ರಾಂ 0, 1, 2 (ಇನ್‌ಪುಟ್, ಔಟ್‌ಪುಟ್, ದೋಷಗಳ ಹಾದಿಗಳು) ಮೂರನ್ನೂ ಮುಚ್ಚಿ, ಅವುಗಳ ಜಾಗದಲ್ಲಿ ಬರೆದದ್ದನ್ನೆಲ್ಲ ನುಂಗುವ ‘ಡೆವ್ ನಲ್’ ಇಡುವುದನ್ನು ಮರೆತಿತ್ತು. ಆಮೇಲೆ ತೆರೆದ ಡೇಟಾಬೇಸ್ ಸಂಪರ್ಕಕ್ಕೆ 2 ಸಿಕ್ಕಿತು. ಯಾವುದೋ ಲೈಬ್ರರಿಯ ಎಚ್ಚರಿಕೆಯ ಸಂದೇಶಗಳೆಲ್ಲ ದೋಷಗಳ ಹಾದಿ ಎಂದು ನಂಬಿ 2ಕ್ಕೆ, ಅಂದರೆ ನೇರವಾಗಿ ಡೇಟಾಬೇಸಿನ ಸಂಪರ್ಕಕ್ಕೆ ಹೋದವು. ಒಂದು ವಾರ ನಾವು ಡೇಟಾಬೇಸ್ ನೋಡಿಕೊಳ್ಳುವವರನ್ನು ದೂರಿದೆವು. ಆ ವಾರದ ನಂತರ, ಯಜಮಾನ ಯಾರೆಂದು ಬರೆದಿಡದ ಡಿಸ್ಕ್ರಿಪ್ಟರನ್ನು ನಾನು ನಂಬುವುದಿಲ್ಲ.

ಹಾಗಾದರೆ ಹುಡುಕುವುದು ಹೇಗೆ? ವ್ಯಾಪಾರದ ಹೊತ್ತಿಗಾಗಿ ಕಾಯಬೇಡಿ. ಎಲ್ಲರೂ ದೋಷ ಬರುವವರೆಗೆ ಕಾದು, ಬಂದ ಮೇಲೆ ಲಾಗ್ ತೆರೆದು ಕೂರುತ್ತಾರೆ. ಅಷ್ಟು ಹೊತ್ತಿಗೆ ಕಳ್ಳ ಊರು ಬಿಟ್ಟಿರುತ್ತಾನೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದೇ ವರ್ಕರ್, ಒಂದೇ ಥ್ರೆಡ್ ಇಟ್ಟು, ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ‘ಎಸ್‌ಟ್ರೇಸ್’ ಕೆಳಗೆ ಓಡಿಸಿ. ಕ್ಲೋಸ್ ಕರೆಗಳನ್ನು ಮಾತ್ರ ತೋರಿಸಲು ಹೇಳಿ. ಒಂದು ಬಿಲ್ಲು ತೆಗೆಯಿರಿ. 9, ಅಂದರೆ ‘ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್’ ಎಂದು ಉತ್ತರ ಪಡೆದ ಕ್ಲೋಸ್ ಒಂದೇ ಒಂದು ಕಂಡರೂ ಅದು ಅನುಮಾನದ ಜಾಗ. ಎರಡು ಮೂರು ದಿನಕ್ಕೊಮ್ಮೆ ಬರುವ ದೋಷ ಹೀಗೆ ಪ್ರತಿ ಸಲವೂ, ಕೇಳಿದಾಗಲೆಲ್ಲ, ಕಣ್ಣೆದುರು ಬರುತ್ತದೆ. ಹೊಸ ಪ್ರೊಸೆಸ್ ಹುಟ್ಟಿಸುವಾಗ ಕೆಲವು ಲೈಬ್ರರಿಗಳು 3ರಿಂದ ಮೇಲಿನದೆಲ್ಲವನ್ನೂ ಸಾಲಾಗಿ ಮುಚ್ಚುತ್ತವೆ. ಆ ಗುಂಪನ್ನು ಬಿಟ್ಟುಬಿಡಿ. ಓಡುತ್ತಿರುವ ಸರ್ವರಿಗೆ ಮಾತ್ರ ಬೆಳಗಿನ ಹೊತ್ತು ಎಸ್‌ಟ್ರೇಸ್ ಅಂಟಿಸಬೇಡಿ, ಅದು ಪ್ರೊಸೆಸ್ಸನ್ನು ತೀರ ನಿಧಾನ ಮಾಡುತ್ತದೆ.

ಸರಿಪಡಿಸುವುದು ಒಂದು ನಿಮಿಷದ ಕೆಲಸ. ‘ಓಎಸ್ ಡಾಟ್ ಕ್ಲೋಸ್’ ಸಾಲನ್ನೂ ಅದರ ಸುತ್ತಲಿನ ಟ್ರೈಯನ್ನೂ ಅಳಿಸಿ, ಕಡತದ ವಸ್ತುವನ್ನು ತಾನೇ ಮುಚ್ಚುವ ‘ವಿತ್’ ಒಳಗೆ ಇಡಿ. ಉಳಿದ ಕೋಡಿನಲ್ಲಿ ಇದೇ ಜೋಡಿ ಇನ್ನೆಲ್ಲಾದರೂ ಇದೆಯೇ ಎಂದು ಅಂದೇ ಹುಡುಕಿ. ಕ್ಲೋಸ್ ವಿಫಲವಾಯಿತೆಂದು ಮತ್ತೊಮ್ಮೆ ಕ್ಲೋಸ್ ಮಾಡುವ ಕೋಡ್ ಕಂಡರೆ ಅದನ್ನೂ ತೆಗೆಯಿರಿ. ನಡುವೆ ಸಿಗ್ನಲ್ ಬಂದು ಕ್ಲೋಸ್ ಅರ್ಧಕ್ಕೆ ನಿಂತಿತು ಎಂದು ಹೇಳಿದಾಗಲೂ ಲಿನಕ್ಸ್ ಆ ಸಂಖ್ಯೆಯನ್ನು ಆಗಲೇ ಬಿಟ್ಟುಕೊಟ್ಟಿರುತ್ತದೆ.

ಕೊನೆಯದಾಗಿ, ಇದನ್ನು ದಯವಿಟ್ಟು ಮಾಡಿ: ಈ ಮೂರು ತಿಂಗಳಲ್ಲಿ ಹೋದ ಬಿಲ್ಲುಗಳಲ್ಲಿ ಕೆಲವನ್ನಾದರೂ, ಅದರಲ್ಲೂ ದೋಷ ಬಂದ ದಿನಗಳವನ್ನು, ವ್ಯಾಪಾರಿಗಳ ಬಳಿಯಿರುವ ಪ್ರತಿಯೊಂದಿಗೆ ತಾಳೆ ನೋಡಿ. ಅದು ಅವರ ದುಡ್ಡಿನ ಲೆಕ್ಕ.

ಪ್ರಶ್ನೆ: ದಸರಾ ಸಮಯದಲ್ಲಿ ನಮ್ಮ ಹೋಂಸ್ಟೇ ಬುಕಿಂಗ್ ತಾಣಕ್ಕೆ ದೋಷ 24 ಬರುತ್ತದೆ. ‘ಲಿಮಿಟ್ಸ್ ಡಾಟ್ ಕಾನ್ಫ್’ನಲ್ಲಿ ಮಿತಿ ಏರಿಸಿದರೂ ಹೋಗಲಿಲ್ಲ. ಈಗ ದಿನಾ ಬೆಳಗಿನ ಜಾವ 3ಕ್ಕೆ ರೀಸ್ಟಾರ್ಟ್ ಇಟ್ಟಿದ್ದೇವೆ.
– ಓದುಗರು, ವಿಜಯನಗರ, ಮೈಸೂರು

ಉತ್ತರ: ಆ ಕಡತ ಲಾಗಿನ್ ಆಗುವವರಿಗೆ. ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಪ್ರೋಗ್ರಾಂ) ಎಬ್ಬಿಸುವ ಸರ್ವಿಸ್ ಅದನ್ನು ನೋಡುವುದಿಲ್ಲ. ಆ ಸರ್ವಿಸ್‌ನ ಯೂನಿಟ್ ಕಡತದಲ್ಲಿ ‘ಲಿಮಿಟ್ ನೋಫೈಲ್’ ಇಡಬೇಕು. ಇಟ್ಟ ಮೇಲೆ ಪ್ರೊಸೆಸ್‌ಗಳ ಮಾಹಿತಿ ಇರುವ ‘ಪ್ರಾಕ್’ನಲ್ಲಿ ಆ ಪ್ರೊಸೆಸ್‌ನ ‘ಲಿಮಿಟ್ಸ್’ ಕಡತ ತೆರೆದು ಕಣ್ಣಾರೆ ನೋಡಿ. ಅದಕ್ಕೂ ಮೊದಲು ತೆರೆದ ಡಿಸ್ಕ್ರಿಪ್ಟರ್‌ಗಳನ್ನು ಗಂಟೆಗೊಮ್ಮೆ ಎಣಿಸಿ. ಜನ ಕಡಿಮೆಯಾದಾಗ ಎಣಿಕೆಯೂ ಇಳಿದರೆ ಮಿತಿ ಏರಿಸುವುದು ನ್ಯಾಯ. ಇಳಿಯದಿದ್ದರೆ ಸೋರಿಕೆ ಇದೆ, ಮಿತಿ ಏರಿಸಿದರೆ ಸಾಯುವ ಹೊತ್ತು ಮುಂದೆ ಹೋಗುತ್ತದೆ ಅಷ್ಟೇ. ಹಲವು ಸಂಪರ್ಕಗಳನ್ನು ಒಟ್ಟಿಗೆ ಕಾಯುವ ‘ಸೆಲೆಕ್ಟ್’ ಕರೆ ಬಳಸುವ ಹಳೆಯ ಲೈಬ್ರರಿಗಳು 1024 ಮತ್ತು ಅದಕ್ಕೆ ಮೇಲ್ಪಟ್ಟ ಸಂಖ್ಯೆಯನ್ನು ಹಿಡಿಯಲಾರವು ಎಂಬುದೂ ನೆನಪಿರಲಿ. ಮೂರು ಗಂಟೆಯ ರೀಸ್ಟಾರ್ಟ್ ಜ್ವರಕ್ಕೆ ತಣ್ಣೀರು ಬಟ್ಟೆ. ಇಂದೇ ತೆಗೆಯಿರಿ ಎನ್ನುವುದಿಲ್ಲ, ಆದರೆ ಸೋರಿಕೆ ಹುಡುಕುವವರೆಗೆ ಮಾತ್ರ ಇರಲಿ.

ಪ್ರಶ್ನೆ: ‘ಟೈಮ್ ವೇಟ್’ ಸ್ಥಿತಿಯ (ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಉಳಿಯುವ) ಸಂಪರ್ಕಗಳು ಸಾವಿರಾರು ಇವೆ. ಅವೇ ಡಿಸ್ಕ್ರಿಪ್ಟರ್ ತಿನ್ನುತ್ತಿವೆಯೇ?
– ಶ್ರೀರಂಗಪಟ್ಟಣ

ಉತ್ತರ: ಇಲ್ಲ, ಅವು ಡಿಸ್ಕ್ರಿಪ್ಟರ್ ಹಿಡಿದಿರುವುದಿಲ್ಲ, ‘ಕ್ಲೋಸ್ ವೇಟ್’ (ಆ ಕಡೆಯವರು ಮುಚ್ಚಿದರೂ ನೀವಿನ್ನೂ ಮುಚ್ಚದ ಸಂಪರ್ಕ) ಎಣಿಸಿ, ಅದು ಏರುತ್ತಿದ್ದರೆ ನಿಮ್ಮ ಕೋಡ್ ಮುಚ್ಚುವುದನ್ನು ಮರೆತಿದೆ.

ಪ್ರಶ್ನೆ: ರ‍್ಯಾಮ್ ದುಪ್ಪಟ್ಟು ಮಾಡಿದರೆ ಈ ದೋಷ ಹೋಗುತ್ತದೆಯೇ?
– ಮದ್ದೂರು

ಉತ್ತರ: ಹೋಗುವುದಿಲ್ಲ.

ಪ್ರಶ್ನೆ: ಮೈಸೂರಿನಲ್ಲಿ ಒಬ್ಬರು ಎಲ್ಲ ಸರ್ವರಿಗೂ ಹೊಂದುವ ಕರ್ನಲ್ ಸೆಟ್ಟಿಂಗ್‌ಗಳ ಪಟ್ಟಿಯನ್ನು ಹಣ ಪಡೆದು ಹಾಕಿಕೊಡುತ್ತಾರೆ. ಹಾಕಿಸಬಹುದೇ?
– ಕುವೆಂಪುನಗರ

ಉತ್ತರ: ಬೇಡ. ನಾಡಿ ಹಿಡಿಯದೆ ಊರಿಗೆಲ್ಲ ಒಂದೇ ಕಷಾಯ ಕೊಡುವವರ ಕೈಗೆ ನಿಮ್ಮ ಗ್ರಾಹಕರ ಮಾಹಿತಿ ಇರುವ ಯಂತ್ರವನ್ನು ಒಪ್ಪಿಸಬೇಡಿ. ಆಗಲೇ ಹಾಕಿಸಿದ್ದರೆ ರೂಟ್ ಪಾಸ್‌ವರ್ಡನ್ನು ಇಂದೇ ಬದಲಿಸಿ, ದೂರದಿಂದ ಸರ್ವರಿಗೆ ಲಾಗಿನ್ ಆಗಲು ಬೇರೆ ಯಾರ ಎಸ್‌ಎಸ್‌ಎಚ್ ಕೀಲಿಗಳು ಉಳಿದಿವೆ ಎಂದು ನೋಡಿ.