ಹಗಲು ಕಾಸರಗೋಡಿನ ಕೋಟೆ, ಸಂಜೆ ಪಬ್: ಒಂದೇ ದಿನದಲ್ಲಿ ಆಗುತ್ತದಾ?

ಬೆಂಗಳೂರಿಂದ ಬೆಳಗ್ಗೆ ರೈಲಿಳಿದು, ಯುದ್ಧದ ಚರಿತ್ರೆ ಇರುವ ಕೋಟೆಗಳನ್ನು ನೋಡಿ, ಸಂಜೆ ಪಬ್ಬಿಂದ ಪಬ್ಬಿಗೆ ಸುತ್ತಬೇಕು ಅಂದಿದ್ದೀರಿ. ಕೋಟೆ ಧಾರಾಳ ಉಂಟು, ಪಬ್ ಮಾತ್ರ ಕೇಳಬೇಡಿ. ಇಲ್ಲಿರುವುದು ಹೋಟೆಲಿನ ಬಾರು ಮತ್ತು ಕಳ್ಳಿನ ಷಾಪು. ಪಬ್ಬೇ ಆಗಬೇಕೆಂದರೆ ಸುಮಾರು 50 ಕಿ.ಮೀ. ಆಚೆ ಮಂಗಳೂರಲ್ಲಿ ರೂಮು ಮಾಡಿ.

ಕಾಸರಗೋಡಲ್ಲಿ ಇಳಿದು ದಕ್ಷಿಣದ ಕಾಞಂಗಾಡಲ್ಲಿ ಉಳಿಯುವ ಲೆಕ್ಕ ಹಾಕಿಕೊಳ್ಳಿ. ಹೊಸಬರು ತಪ್ಪುವುದು ಬಸ್ಸಿನಲ್ಲಿ. ಕಾಞಂಗಾಡಿನ ಬೋರ್ಡು ಕಂಡ ತಕ್ಷಣ ಹತ್ತಬೇಡಿ. ಚೆರ್ಕಳ, ಪೊಯಿನಾಚಿ ಮೇಲೆ ಹೈವೇಯಲ್ಲಿ ಹೋಗುವ ಬಸ್ಸು ದೊಡ್ಡ ಕೋಟೆ ಇರುವ ಬೇಕಲ ಮುಟ್ಟುವುದೇ ಇಲ್ಲ. 'ಚಂದ್ರಗಿರಿ ವಳಿಯಾ?' (ಚಂದ್ರಗಿರಿ ಮೇಲೆ ಹೋಗುತ್ತದಾ?) ಎಂದು ಕಂಡಕ್ಟರನ್ನು ಕೇಳಿ ಹತ್ತಿ.

ಹೊಳೆ ದಾಟಿದ ಮೇಲೆ ಚಂದ್ರಗಿರಿ ಕೋಟೆ. ಸಣ್ಣದು, ಒಂದು ಗಂಟೆ ಸಾಕು. ತುಳುನಾಡಿಗೂ ಮಲಯಾಳದ ಸೀಮೆಗೂ ಈ ಹೊಳೆಯೇ ಗಡಿಯಾಗಿತ್ತು. ಗೋಡೆಯ ಮೇಲೆ ನಿಂತು ಹೊಳೆ ಸಮುದ್ರ ಸೇರುವುದನ್ನು ನೋಡಿದರೆ ಕೆಳದಿಯವರು ಇಲ್ಲೇ ಯಾಕೆ ಕಟ್ಟಿದರು ಎಂದು ಯಾರೂ ವಿವರಿಸಬೇಕಾಗಿಲ್ಲ. ಬಿಸಿಲೇರುವ ಮೊದಲೇ ಮುಗಿಸಿ, ನೆರಳು ಕಡಿಮೆ.

ಊಟ ಮಾಡಿ ಮೂರು ಗಂಟೆಯೊಳಗೆ ಬೇಕಲಕ್ಕೆ ಬನ್ನಿ. ಸುಮಾರು 40 ಎಕರೆ, ಎರಡೂವರೆ ಗಂಟೆ ಬೇಕು. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಹೈದರನ ಕೈಸೇರಿದಾಗ ಇದೂ ಮೈಸೂರಿನವರದ್ದಾಯಿತು, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯದ್ದು. ಒಳಗೆ ಅರಮನೆ ಹುಡುಕಿ ನಿರಾಶರಾಗುವವರು ಬಹಳ. ಇದು ಕಾದಾಟಕ್ಕೆಂದೇ ಕಟ್ಟಿದ ಜಾಗ. ಬಾಗಿಲಿನ ದಾರಿ ನೇರ ಇಲ್ಲ, ಮುರಿದು ಮುರಿದು ತಿರುಗುತ್ತದೆ. ನುಗ್ಗಿ ಬರುವವರ ಓಟ ತಿರುವಿನಲ್ಲೇ ಕಡಿಯಬೇಕು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕಡಲ ಕಡೆಯ ಗೋಡೆಯ ಕೋವಿ ಕಿಂಡಿಗಳಿಗೆ ಕೊಡಿ. ಮೇಲಿನ ಕಿಂಡಿಗೆ ಕಣ್ಣಿಟ್ಟರೆ ದೂರದ ನೀರು, ಅದರ ಕೆಳಗಿನದರಲ್ಲಿ ಹತ್ತಿರದ್ದು, ತೀರಾ ಕೆಳಗಿನದರಲ್ಲಿ ಗೋಡೆಯ ಬುಡ. ವೈರಿ ಹತ್ತಿರ ಬಂದ ಹಾಗೆ ಕೋವಿ ಕೆಳಗಿನ ಕಿಂಡಿಗೆ ಇಳಿಯಬೇಕು. ಮೂರಕ್ಕೂ ಬಗ್ಗಿ ನೋಡಿ. ಫೋಟೋದಲ್ಲಿ ಇದು ತಿಳಿಯುವುದಿಲ್ಲ. ಆಮೇಲೆ ವೀಕ್ಷಣಾ ಬುರುಜು ಹತ್ತಿ. ಮಳೆಗಾಲವಾದರೆ ಕೆಂಪುಕಲ್ಲಿಗೆ ಪಾಚಿ ಕಟ್ಟಿರುತ್ತದೆ, ಹವಾಯಿ ಚಪ್ಪಲಿ ಬೇಡವೇ ಬೇಡ.

ಕೋಟೆ 5.30ಕ್ಕೆ ಮುಚ್ಚುತ್ತದೆ. ಅಂದರೆ ಸೂರ್ಯಾಸ್ತ ಒಳಗಿಂದ ಸಿಗುವುದಿಲ್ಲ. ಅದಕ್ಕೆ ಪಕ್ಕದ ಪಳ್ಳಿಕೆರೆ ಬೀಚು. ಕಾಞಂಗಾಡಿನ ಹೊಸದುರ್ಗ ಕೋಟೆಯಲ್ಲಿ ಉಳಿದದ್ದು ಬುರುಜು, ಗೋಡೆ ಅಷ್ಟೇ. ಮರುದಿನ ಬೆಳಗ್ಗೆ ಹೊತ್ತಿದ್ದರೆ ನೋಡಿ.

ಸಂಜೆ ಮೊದಲು ಕಳ್ಳು, ಆಮೇಲೆ ಬಾರು. ಉಲ್ಟಾ ಮಾಡಬೇಡಿ. ಷಾಪು ಬೇಗ ಬಾಗಿಲು ಹಾಕುತ್ತದೆ, ಬಾರು ರಾತ್ರಿ 11ರವರೆಗೆ. ಕಪ್ಪು ಹಲಗೆಯಲ್ಲಿ ಬಿಳಿ ಮಲಯಾಳ ಅಕ್ಷರದಲ್ಲಿ 'ಕಳ್ಳ್' ಎಂದಿರುತ್ತದೆ. ಮರದಿಂದ ಇಳಿಸಿದಾಗ ಸಿಹಿ, ಹೊತ್ತು ಹೋದ ಹಾಗೆ ಹುದುಗಿ ಹುಳಿ, ಜೊತೆಗೆ ಅಮಲೂ ಏರುತ್ತದೆ. ಸಂಜೆ ಸಿಗುವುದು ಹುಳಿಯದ್ದೇ. ಅದರಲ್ಲೂ ಸಕ್ಕರೆ ಹಾಕಿದಷ್ಟು ಸಿಹಿ ಇದ್ದರೆ ನನಗಂತೂ ಕಲಬೆರಕೆಯ ಅನುಮಾನ. ಇಬ್ಬರಿಗೆ ಒಂದು ಬಾಟ್ಲಿಯಿಂದ ಸುರುಮಾಡಿ, ಬರಿ ಹೊಟ್ಟೆಯಲ್ಲಿ ಬೇಡ. ಮರಗೆಣಸು, ಮೀನಿನ ಗಸಿ ಹೇಳಿ. ಕಲ್ಲುಮ್ಮಕ್ಕಾಯಿ (ಕಡಲ ಚಿಪ್ಪಿನ ಮಾಂಸ) ಇದ್ದರೆ ಬಿಡಬೇಡಿ.

ದಿನ ಗೊತ್ತುಮಾಡುವಾಗ ತಿಂಗಳ 1ನೇ ತಾರೀಕು ತಪ್ಪಿಸಿ, ಬಾರು ಬಂದ್. 23 ತುಂಬದವರಿಗೆ ಕೇರಳದಲ್ಲಿ ಮದ್ಯ ಕೊಡುವ ಹಾಗಿಲ್ಲ. ಕರ್ನಾಟಕದ ಬಾಟ್ಲಿ ಬ್ಯಾಗಲ್ಲಿ ತರಬೇಡಿ, ಅಬಕಾರಿಯವರ ಕೈಗೆ ಸಿಕ್ಕಿದರೆ ಕೇಸು. ಇನ್ನು ಕಾರು, ಬೈಕು ಬಾಡಿಗೆಗೆ ತೆಗೆಯುವ ಯೋಚನೆ ಇದ್ದರೆ ಅದನ್ನೂ ಬಿಡಿ: ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ. ದಾಟಿದರೆ ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಪಳ್ಳಿಕೆರೆಯಲ್ಲೇ ಒಂದು ರಿಕ್ಷಾ ಗೊತ್ತುಮಾಡಿ, ಕಾಯುವ ಬಾಡಿಗೆಯನ್ನೂ ಮೊದಲೇ ಮಾತಾಡಿಕೊಳ್ಳಿ. ಕತ್ತಲಾದ ಮೇಲೆ ಬಸ್ಸು ನಂಬಿ ಕೂತರೆ ಕೂತೇ ಬಾಕಿ.