ಓದುಗರ ಪ್ರಶ್ನೆ: ಎಎಸ್/400 ಆಫ್ ಮಾಡೋಕೆ ಬಟನ್ ಒತ್ತಿದ್ರೆ ಸಾಲದಾ?

ಪ್ರಶ್ನೆ: ಸರ್, ಪೀಣ್ಯದಲ್ಲಿ ಬಿಡಿಭಾಗ ಮಾರೋ ಕಂಪನಿಗೆ ಸೇರಿ 2 ತಿಂಗಳಾಯ್ತು. ಸ್ಟಾಕು, ಬಿಲ್ಲು ಎಲ್ಲಾ ಎಎಸ್/400 ಅನ್ನೋ ಒಂದು ಹಳೇ ಐಬಿಎಂ ಕಂಪ್ಯೂಟರಲ್ಲಿದೆ, ನೋಡ್ಕೋತಿದ್ದವ್ರು ರಿಟೈರ್ ಆದ್ರು. ಹಬ್ಬದ ರಜೆಗೆ ಆಫ್ ಮಾಡು ಅಂತಿದಾರೆ ಮ್ಯಾನೇಜರ್ರು. ಮುಂದಿರೋ ಪವರ್ ಬಟನ್ ಒತ್ತಿದ್ರೆ ಆಯ್ತಲ್ವಾ?

ಉತ್ತರ: ಬೇಡ ಮಾರಾಯ್ರೆ! ಮೆಷಿನ್ ಮ್ಯಾನ್ಯುಯಲ್ ಮೋಡಲ್ಲಿದ್ದಾಗ ಆ ಬಟನ್ ಒತ್ತಿದ್ರೆ ಪ್ಯಾನೆಲ್ಲಲ್ಲಿ ಸೊನ್ನೆ, ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ ಮಿಣುಕುತ್ತೆ, "ನಿಜವಾಗ್ಲೂನಾ?" ಅಂತ ಕೇಳಿದ ಹಾಗೆ. ಆಗ್ಲೇ ಕೈ ತೆಗೀರಿ. ಈ ಮೆಷಿನ್‌ಗೆ ಮೆಮೊರಿ ಬೇರೆ ಡಿಸ್ಕ್ ಬೇರೆ ಅನ್ನೋ ಲೆಕ್ಕ ಇಲ್ಲ, ಎರಡೂ ಸೇರಿ ಒಂದೇ ದೊಡ್ಡ ಸ್ಟೋರೇಜ್, ಹಾಗಾಗಿ ಈಗ ತಾನೆ ಬದಲಾದ ಡೇಟಾ ಇನ್ನೂ ಡಿಸ್ಕಿಗೆ ಇಳಿದಿರಲ್ಲ, ಧಡಕ್ಕಂತ ಆಫ್ ಮಾಡಿದ್ರೆ ಮುಂದಿನ ಸಲ ಐಪಿಎಲ್ ಆಗುವಾಗ (ಕ್ರಿಕೆಟ್ ಅಲ್ಲ, ಮೆಷಿನ್ ಶುರುವಾಗೋದಕ್ಕೆ ಇಲ್ಲಿ ಹಾಗೇ ಅನ್ನೋದು) ಏನೇನು ಕೆಟ್ಟಿದೆ ಅಂತ ಹುಡುಕಿ ಇಂಡೆಕ್ಸ್‌ಗಳನ್ನೆಲ್ಲ ಮತ್ತೆ ಕಟ್ಟೋಕೆ ಕೂರುತ್ತೆ. ನಾನು ಆಪರೇಟರ್ ಆಗಿದ್ದಾಗ ಒಂದು ಶನಿವಾರ ಸಂಜೆ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಸತ್ತಿದ್ದು ಗೊತ್ತಾಗಿದ್ದೇ ಆಗ. ಭಾನುವಾರ ಮಧ್ಯಾಹ್ನದವರೆಗೂ ಸೈನ್ ಆನ್ ಸ್ಕ್ರೀನ್ ಬರ್ಲಿಲ್ಲ, ಗೋಡೌನ್ ಹುಡುಗ್ರು ಕಾರ್ಬನ್ ಪೇಪರ್ ಇಟ್ಟು ಕೈಯಲ್ಲಿ ಬಿಲ್ ಬರೆದ್ರು, ಆಮೇಲೆ ಅದನ್ನೆಲ್ಲ ಎಂಟ್ರಿ ಮಾಡಿದವನು ನಾನೇ.

ಸರಿ, ಮಾಡ್ಬೇಕಾದ್ದು ಹೀಗೆ. ಮೊದ್ಲು ಎಲ್ಲಾ ಸ್ಕ್ರೀನಿಗೂ ಬ್ರೇಕ್ ಮೆಸೇಜ್ (ಮಾಡ್ತಿರೋ ಕೆಲಸದ ಮಧ್ಯೆ ಬಂದು ನಿಲ್ಲೋ ಸಂದೇಶ) ಕಳ್ಸಿ, "10 ನಿಮಿಷದಲ್ಲಿ ಸೈನ್ ಆಫ್ ಆಗಿ" ಅಂತ. ವರ್ಕ್ ಆಕ್ಟಿವ್ ಜಾಬ್ (WRKACTJOB) ಕಮಾಂಡ್ ಕೊಟ್ಟು ಯಾರಿದಾರೆ, ಯಾವ ಬ್ಯಾಚ್ (ಸ್ಕ್ರೀನಿಲ್ಲದೆ ಹಿಂದೆ ಓಡೋ ಕೆಲಸ) ಓಡ್ತಿದೆ ನೋಡಿ. ಊಟಕ್ಕೆ ಎದ್ದು ಹೋದವರ ಸ್ಕ್ರೀನ್ ಒಂದಾದ್ರೂ ತೆರೆದೇ ಇರುತ್ತೆ, ಬರೆದಿಟ್ಕೊಳಿ. ಜಾಬ್ ಕ್ಯೂ, ಅಂದ್ರೆ ಸರದಿಗೆ ಕಾಯ್ತಿರೋ ಕೆಲಸಗಳ ಸಾಲು, ಹೋಲ್ಡ್ ಮಾಡಿ, ಬ್ಯಾಕಪ್ ಟೇಪ್ ಮುಗೀಲಿ. ಆಮೇಲೆ ಕನ್ಸೋಲಿಂದ (ಮೆಷಿನ್ನಿನ ಮುಖ್ಯ ಸ್ಕ್ರೀನು) ಪವರ್ ಡೌನ್ ಸಿಸ್ಟಮ್ (PWRDWNSYS) ಕಮಾಂಡ್ ಟೈಪ್ ಮಾಡಿ ಎಂಟರ್ ಬದಲು ಎಫ್4 ಒತ್ತಿ, ತುಂಬಬೇಕಾದ ಆಯ್ಕೆಗಳೆಲ್ಲ ಕಾಣುತ್ತೆ. ಆಪ್ಷನ್ ಕಂಟ್ರೋಲ್ಡ್ ಇರ್ಲಿ, ಡಿಲೇ 600 ಸೆಕೆಂಡ್ ಕೊಡಿ, ಅಷ್ಟರಲ್ಲಿ ಮುಗಿಯದ ಜಾಬನ್ನ ಅದೇ ನಿಲ್ಸುತ್ತೆ. ರೀಸ್ಟಾರ್ಟ್ "ನೋ" ಅಂತಿದ್ಯಾ ಎರಡೆರಡು ಸಲ ನೋಡಿ, ಇಲ್ದಿದ್ರೆ ನೀವು ಬಸ್ ಹತ್ತೋ ಹೊತ್ತಿಗೆ ಅದು ತಾನೇ ಎದ್ದು ಕೂತಿರುತ್ತೆ. ಫ್ಯಾನ್ ಸದ್ದು ಪೂರ್ತಿ ನಿಂತ ಮೇಲಷ್ಟೇ ಗೋಡೆ ಸ್ವಿಚ್ಚು.

ಪ್ರಶ್ನೆ: ಪ್ಯಾನೆಲ್ಲಲ್ಲಿ "01 ಬಿ ಎನ್" ಅಂತ ಬರುತ್ತೆ, ಹಾಗಂದ್ರೇನು? ಆನ್ ಮಾಡೋವಾಗ ಏನಾದ್ರೂ ಬದಲಾಯಿಸ್ಬೇಕಾ?

ಉತ್ತರ: ಏನೂ ಬೇಡ, ದಿನಾ ಅದೇ ಸರಿ. ಬಿ ಅಂದ್ರೆ ಒಳಗಿನ ಕೋಡಿನ ಎರಡು ಪ್ರತಿಗಳಲ್ಲಿ ಒಂದು, ಹೊಸ ಫಿಕ್ಸ್ (ಕೋಡಿನ ತಪ್ಪು ಸರಿಮಾಡೋ ತಿದ್ದುಪಡಿ) ಮೊದ್ಲು ಬರೋದು ಅಲ್ಲಿಗೆ. ಎ ಕಡೆ ಇರೋದು ಕಾಯಂ ಆದ ಫಿಕ್ಸ್‌ಗಳು, ಬಿ ಕೈಕೊಟ್ರೆ ಅದ್ರಿಂದ ಏಳಿಸ್ಬಹುದು. ಡಿ ಟೇಪು ಅಥವಾ ಸಿಡಿಯಿಂದ, ಇನ್‌ಸ್ಟಾಲ್‌ಗೆ. ಸಿ ಸರ್ವಿಸ್‌ನವ್ರಿಗೆ ಬಿಟ್ಬಿಡಿ. ಎನ್ ಅಂದ್ರೆ ನಾರ್ಮಲ್. ಸಿ6, ಸಿ9 ಅಂತ ಶುರುವಾಗೋ ಕೋಡ್ ಬದಲಾಗ್ತಾ ಇದ್ರೆ ಕೆಲಸ ನಡೀತಿದೆ, ಹೋಗಿ ಕಾಫಿ ಕುಡೀರಿ. ಅಟೆನ್ಷನ್ ಲೈಟ್ ಹತ್ತಿ ಕೋಡ್ ಅಲ್ಲೇ ನಿಂತ್ರೆ ಏನೂ ಒತ್ತದೆ ಆ ಕೋಡನ್ನ ಪೂರ್ತಿ ಬರ್ಕೊಳಿ.

ಪ್ರಶ್ನೆ: ಹಸಿರು ಅಕ್ಷರದ ಹೊಸ ಟರ್ಮಿನಲ್ ಜೋಡಿಸಿದ್ವಿ, ಸೈನ್ ಆನ್ ಬರ್ತಾನೇ ಇಲ್ಲ.

ಉತ್ತರ: ಟರ್ಮಿನಲ್‌ಗಳನ್ನ ಮೆಷಿನ್‌ಗೆ ಜೋಡಿಸೋ ಒಂದೇ ಟ್ವಿನಾಕ್ಸ್ ಕೇಬಲ್ ಸಾಲಲ್ಲಿ ಅಡ್ರೆಸ್ 0ರಿಂದ 6ರವರೆಗೆ, ಅಂದ್ರೆ 7 ಮಾತ್ರ. ಎರಡು ಟರ್ಮಿನಲ್‌ಗೂ 3 ಕೊಟ್ಟಿದೀರೇನೋ ನೋಡಿ. ಸಾಲಿನ ಕೊನೆಯದಕ್ಕೆ ಟರ್ಮಿನೇಟರ್ (ಸಾಲು ಇಲ್ಲಿಗೆ ಮುಗೀತು ಅಂತ ಕೊನೆಗೆ ಹಾಕೋ ತುದಿ) ಇರ್ಬೇಕು. ಸಿಸ್ಟಮ್ ವ್ಯಾಲ್ಯೂಗಳಲ್ಲಿ ಆಟೋ ಕಾನ್ಫಿಗ್ 1 ಇದ್ರೆ ಡಿವೈಸನ್ನ ಅದೇ ಮಾಡ್ಕೊಳ್ಳುತ್ತೆ, ಆಮೇಲೂ ಬರ್ಲಿಲ್ಲಾಂದ್ರೆ ವೇರಿ ಆಫ್ ಮಾಡಿ ಮತ್ತೆ ವೇರಿ ಆನ್, ಅಂದ್ರೆ ಆ ಡಿವೈಸನ್ನ ಸಿಸ್ಟಮ್‌ನಿಂದ ಬಿಡಿಸಿ ಮತ್ತೆ ಸೇರಿಸೋದು.

ಪ್ರಶ್ನೆ: ಇಷ್ಟು ಹಳೇದನ್ನ ಕಲಿತು ಏನು ಪ್ರಯೋಜನ?

ಉತ್ತರ: ಐಬಿಎಂನವ್ರು 1988ರ ಜೂನಲ್ಲಿ ಬಿಟ್ಟಿದ್ದು, ಹೆಸರು ಮೂರ್ನಾಲ್ಕು ಸಲ ಬದಲಾಗಿ ಈಗ ಪವರ್ ಸರ್ವರ್‌ಗಳ ಮೇಲೆ ಐಬಿಎಂ ಐ ಅಂತ ಓಡ್ತಿದೆ. ನಾನು ಮೇಲೆ ಹೇಳಿದ ಪವರ್ ಡೌನ್ ಕಮಾಂಡ್ ಅಲ್ಲೂ ಅದೇನೇ, ಎಫ್4 ಕೂಡ.